ರಕ್ತದ ಬಿಳಿಯ ಕಣಗಳಿಗೆ ಬೆಳಕಿನ ಗುರುತು

ವೇಲಚೇರಿಯ ವಿಜಯನಗರ ಎಂದೊಡನೆ ಕನ್ನಡಿಗನ ಮನಸ್ಸು ಹಂಪಿಯ ಕಡೆಗೆ ಓಡುವುದು ಸಹಜ. ಆದರೆ ಈ ವಿಜಯನಗರ ಒಂದು ಬಡಾವಣೆ, ಒಂದು ಬಸ್ ನಿಲ್ದಾಣ, ಸದಾ ಗಿಜಿಗುಟ್ಟುವ ಒಂದು ಕೂಡುರಸ್ತೆ. ಅಲ್ಲಿಂದ ಪೂರ್ವಕ್ಕೆ ಹೊರಟರೆ ತರಮಣಿ. ದಕ್ಷಿಣಕ್ಕೆ ಹೊರಟು ಪಳ್ಳಿಕರಣೆಯ ಜೌಗುಭೂಮಿಯನ್ನೂ ಮೇಡವಾಕ್ಕವನ್ನೂ ದಾಟಿದರೆ ತಾಂಬರಂ. ಈ ಎರಡು ದಾರಿಗಳ ತುದಿಯಲ್ಲಿರುವ ಆಸ್ಪತ್ರೆಗಳು ಭಾರತದ ಏಡ್ಸ್ ಚಿಕಿತ್ಸೆಯ ಚರಿತ್ರೆಯಲ್ಲಿ ಹೆಸರು ಪಡೆದವು. ಆ ಚಿಕಿತ್ಸೆಗೆ ಬಹುಕಾಲ ದಾರಿ ತೋರಿಸಿದ ರಕ್ತಪರೀಕ್ಷೆಯೊಂದುಂಟು. ಅದರ ಹೆಸರು ಫ್ಲೋ ಸೈಟೋಮೆಟ್ರಿ. ಕನ್ನಡದಲ್ಲಿ ಹರಿವಿನ ಕೋಶಮಾಪನ ಎನ್ನಬಹುದು. ಇಂದು ಅದು ಏಡ್ಸ್ ರೋಗಿಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ರಕ್ತದ ಕ್ಯಾನ್ಸರ್, ಮಕ್ಕಳಲ್ಲಿ ಹುಟ್ಟಿನಿಂದಲೇ ಬರುವ ನಿರೋಧಶಕ್ತಿಯ ಕೊರತೆ, ಅಸ್ಥಿಮಜ್ಜೆಯ ಕಸಿ ಮುಂತಾದ ಸಂದರ್ಭಗಳಲ್ಲಿಯೂ ‘ಸಿ.ಡಿ. ೩, ಸಿ.ಡಿ. ೪, ಸಿ.ಡಿ. ೧೯’ ಎಂಬ ಅಂಕಿಗಳಿಂದ ತುಂಬಿದ ವರದಿಯು ಮನೆಗೆ ಬರುತ್ತದೆ. ಅದನ್ನು ಕಂಡು ಮನೆಯವರು ಗಾಬರಿಯಾಗುವುದೂ ಉಂಟು. ಆ ಅಂಕಿಗಳು ಹೇಗೆ ಹುಟ್ಟುತ್ತವೆ, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಒಂದು ಘನ ಮಿಲಿಮೀಟರು ರಕ್ತದಲ್ಲಿ ಕೆಂಪು ಕಣಗಳು ಸುಮಾರು ೪೫ರಿಂದ ೫೦ ಲಕ್ಷ ಇದ್ದರೆ ಬಿಳಿಯ ಕಣಗಳು ೪,೦೦೦ದಿಂದ ೧೧,೦೦೦ ಮಾತ್ರ. ದೇಹದ ಕಾವಲು ಈ ಸಣ್ಣ ಗುಂಪಿನದು. ಗಾಜಿನ ಫಲಕದ ಮೇಲೆ ರಕ್ತವನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿಯ ಕಣಗಳಲ್ಲಿ ಕೆಲವು ಜಾತಿಗಳನ್ನು ಸುಲಭವಾಗಿ ಗುರುತಿಸಬಹುದು. ಹರಳುಹರಳಾಗಿ ಕಾಣುವ ನ್ಯೂಟ್ರೋಫಿಲ್, ದೊಡ್ಡ ಗಾತ್ರದ ಮಾನೊಸೈಟ್, ಕೆಂಪು ಹರಳಿನ ಇಯೊಸಿನೊಫಿಲ್ ಇವೆಲ್ಲ ತಮ್ಮ ಆಕಾರದಿಂದಲೇ ತಮ್ಮ ಪರಿಚಯ ಹೇಳುತ್ತವೆ. ತೊಡಕು ಇರುವುದು ಲಿಂಫೋಸೈಟ್ ಎಂಬ ಕಣಗಳಲ್ಲಿ. ಇವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ದುಂಡನೆಯ ನಡುಬೀಜ, ಅದರ ಸುತ್ತ ತೆಳುವಾದ ಅಂಚು ಇಷ್ಟನ್ನೇ ತೋರುತ್ತವೆ. ಆದರೆ ಇವುಗಳ ಕೆಲಸ ಒಂದೇ ಅಲ್ಲ. ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುವ ಟಿ ಕಣಗಳು ಬೇರೆ. ಪ್ರತಿಕಾಯಗಳನ್ನು ತಯಾರಿಸುವ ಬಿ ಕಣಗಳು ಬೇರೆ. ಟಿ ಕಣಗಳಲ್ಲಿಯೂ ಉಳಿದ ಕಣಗಳಿಗೆ ಆಜ್ಞೆ ಕೊಟ್ಟು ನೆರವಾಗುವ ಪಂಗಡ ಒಂದು, ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಪಂಗಡ ಇನ್ನೊಂದು. ಸಮವಸ್ತ್ರ ತೊಟ್ಟು ಸಾಲಾಗಿ ನಿಂತವರಲ್ಲಿ ದಳಪತಿ ಯಾರು, ಸಿಪಾಯಿ ಯಾರು ಎಂದು ದೂರದಿಂದ ಹೇಳುವುದು ಎಷ್ಟು ಕಷ್ಟವೋ, ಸೂಕ್ಷ್ಮದರ್ಶಕದಲ್ಲಿ ಇವನ್ನು ಬೇರ್ಪಡಿಸುವುದೂ ಅಷ್ಟೇ ಕಷ್ಟ. ವಸ್ತುತಃ ಅದು ಅಸಾಧ್ಯವೇ ಸರಿ.

ಆಕಾರದಿಂದ ತಿಳಿಯದ್ದನ್ನು ಮೈಮೇಲಿನ ಗುರುತಿನಿಂದ ತಿಳಿಯಬೇಕು. ಪ್ರತಿಯೊಂದು ಕೋಶದ ಹೊರಪೊರೆಯ ಮೇಲೂ ಬಗೆಬಗೆಯ ಪ್ರೋಟೀನುಗಳಿರುತ್ತವೆ. ಕೆಲಸ ಬೇರೆಯಾದಂತೆ ಈ ಪ್ರೋಟೀನುಗಳೂ ಬೇರೆಯಾಗುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ಹುಡುಕಿ ಹಿಡಿಯಬಲ್ಲ ವಸ್ತು ಯಾವುದು? ಅದನ್ನು ಪ್ರಕೃತಿಯೇ ಸಿದ್ಧಪಡಿಸಿಟ್ಟಿದೆ. ಪ್ರತಿಕಾಯದ ಗುಣವೇ ಅದು. ಬೀಗಕ್ಕೆ ತಕ್ಕ ಕೀಲಿಯಂತೆ ತನಗೆ ನಿಗದಿಯಾದ ಅಚ್ಚಿಗೆ ಮಾತ್ರ ಅದು ಅಂಟಿಕೊಳ್ಳುತ್ತದೆ. ಆದರೆ ಪ್ರತಿಕಾಯವು ಕಣ್ಣಿಗೆ ಕಾಣುವುದಿಲ್ಲ. ಅದು ಎಲ್ಲಿ ಅಂಟಿತು ಎಂಬುದನ್ನು ತಿಳಿಯಲು ಅದರ ಬೆನ್ನಿಗೆ ಒಂದು ದೀಪವನ್ನು ಕಟ್ಟಬೇಕು.

ಈ ದೀಪ ಕಟ್ಟುವ ಉಪಾಯವನ್ನು ಕಂಡುಹಿಡಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕೂನ್ಸ್. ೧೯೪೧ರಲ್ಲಿ ಅವನು ಮತ್ತು ಅವನ ಸಹೋದ್ಯೋಗಿಗಳು ಪ್ರತಿಕಾಯಕ್ಕೆ ಪ್ರತಿದೀಪ್ತಿಯ ಗುಣವುಳ್ಳ ಬಣ್ಣವನ್ನು ಜೋಡಿಸಿದರು. ಪ್ರತಿದೀಪ್ತಿ ಎಂದರೆ ಒಂದು ಬಣ್ಣದ ಬೆಳಕನ್ನು ಕುಡಿದು ಇನ್ನೊಂದು ಬಣ್ಣದ ಬೆಳಕನ್ನು ಉಗುಳುವುದು. ಅಂಗಡಿಯವನು ನೋಟಿನ ಸಾಚಾತನವನ್ನು ಪರೀಕ್ಷಿಸಲು ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಕ್ರಮಸಂಖ್ಯೆಯು ಹೊಳೆಯುವುದನ್ನು ಎಲ್ಲರೂ ಬಲ್ಲರು. ಅಡಿಗೆಮನೆಯ ಅರಿಸಿನವನ್ನು ಸ್ಪಿರಿಟಿನಲ್ಲಿ ಕದಡಿ ಅದೇ ದೀಪಕ್ಕೆ ಒಡ್ಡಿದರೂ ಹಸಿರು ಮಿಶ್ರಿತ ಹಳದಿಯ ಹೊಳಪು ಕಾಣುತ್ತದೆ. ಕೂನ್ಸನು ಮೊದಲು ಬಳಸಿದ ಬಣ್ಣ ನೀಲಿಯಾಗಿ ಹೊಳೆಯುತ್ತಿತ್ತು. ದೇಹದ ಅಂಗಾಂಶಗಳು ತಾವಾಗಿಯೇ ನಸುನೀಲಿಯಾಗಿ ಹೊಳೆಯುವುದರಿಂದ ಗೊಂದಲವಾಯಿತು. ಆದ್ದರಿಂದ ಹಸಿರು ಹೊಳಪಿನ ಫ್ಲೋರೆಸಿನ್ ಎಂಬ ಬಣ್ಣವನ್ನು ಆರಿಸಿಕೊಂಡರು. ಅದರ ವಂಶದ ಬಣ್ಣವೇ ಇಂದಿಗೂ ಪ್ರಯೋಗಾಲಯಗಳಲ್ಲಿ ದುಡಿಯುತ್ತಿದೆ. ಅದರ ಜತೆಗೆ ಕೆಂಪು ಪಾಚಿಯಿಂದ ತೆಗೆದ ಫೈಕೋಎರಿತ್ರಿನ್ ಎಂಬ ಕಿತ್ತಳೆ ಹೊಳಪಿನ ಪ್ರೋಟೀನು ೧೯೮೨ರಿಂದ ಈ ಕೆಲಸಕ್ಕೆ ಸೇರಿಕೊಂಡಿತು. ಕಡಲ ಪಾಚಿಯ ಬಣ್ಣ ಮಾನವನ ರಕ್ತಕಣದ ಗುರುತು ಹೇಳಲು ಬಂದದ್ದು ಸೋಜಿಗವೇ.

ಆದರೂ ಒಂದು ದೊಡ್ಡ ಅಡಚಣೆ ಉಳಿಯಿತು. ಪ್ರಾಣಿಗಳಿಗೆ ಚುಚ್ಚುಮದ್ದು ಹಾಕಿ ಪಡೆಯುವ ಪ್ರತಿಕಾಯಗಳು ಬೆರಕೆಯ ಮಾಲು. ಒಂದೇ ಸೀಸೆಯಲ್ಲಿ ಹತ್ತಾರು ಬಗೆಯವು ಇರುತ್ತಿದ್ದವು. ಒಂದು ಸಲದ ತಯಾರಿಕೆ ಇನ್ನೊಂದು ಸಲದಂತೆ ಇರುತ್ತಿರಲಿಲ್ಲ. ಈ ತೊಡಕನ್ನು ೧೯೭೫ರಲ್ಲಿ ಬಿಡಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್. ಪ್ರತಿಕಾಯ ಉತ್ಪಾದಿಸುವ ಇಲಿಯ ಬಿ ಕಣವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಬೆಸುಗೆಯಿಂದ ಹುಟ್ಟಿದ ಕೋಶವು ಒಂದಕ್ಕೆ ಗುಣ, ಇನ್ನೊಂದಕ್ಕೆ ಆಯುಷ್ಯ ಎಂಬಂತೆ ಎರಡನ್ನೂ ಪಡೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಕೊಡಲಾರಂಭಿಸಿತು. ಇದೇ ಏಕಮೂಲ ಪ್ರತಿಕಾಯ. ಅವರು ಇದಕ್ಕೆ ಪೇಟೆಂಟು ಪಡೆಯಲಿಲ್ಲ. ೧೯೮೪ರ ನೊಬೆಲ್ ಪಾರಿತೋಷಕ ಮಾತ್ರ ಅವರಿಗೆ ನೀಲ್ಸ್ ಯೆರ್ನ್ ಜತೆಯಲ್ಲಿ ದೊರೆಯಿತು.

ಹಾದಿ ತೆರೆದೊಡನೆ ಎಲ್ಲೆಡೆ ಪ್ರತಿಕಾಯಗಳು ತಯಾರಾದವು. ಒಂದೇ ಪ್ರೋಟೀನಿಗೆ ಒಂದು ಪ್ರಯೋಗಾಲಯ ಒಂದು ಹೆಸರಿಟ್ಟರೆ ಮತ್ತೊಂದು ಇನ್ನೊಂದನ್ನು ಇಟ್ಟಿತು. ಈ ಗೊಂದಲ ನಿವಾರಿಸಲು ೧೯೮೨ರಲ್ಲಿ ಪ್ಯಾರಿಸ್ ನಗರದಲ್ಲಿ ವಿಜ್ಞಾನಿಗಳು ಸೇರಿ ‘ಸಿ.ಡಿ.’ ಎಂಬ ಸಾಮಾನ್ಯ ಹೆಸರನ್ನೂ ಅದಕ್ಕೆ ಕ್ರಮಸಂಖ್ಯೆಗಳನ್ನೂ ಗೊತ್ತುಮಾಡಿದರು. ಇಂದು ಈ ಪಟ್ಟಿ ೩೭೦ನ್ನು ದಾಟಿದೆ. ಓದುಗರು ನೆನಪಿಡಬೇಕಾದವು ಕೆಲವೇ: ಎಲ್ಲ ಬಿಳಿಯ ಕಣಗಳ ಮೇಲೂ ಇರುವುದು ಸಿ.ಡಿ. ೪೫, ಟಿ ಕಣಗಳದು ಸಿ.ಡಿ. ೩, ಅವುಗಳಲ್ಲಿ ನೆರವಿನ ಪಂಗಡದ್ದು ಸಿ.ಡಿ. ೪, ಕೊಲ್ಲುವ ಪಂಗಡದ್ದು ಸಿ.ಡಿ. ೮, ಬಿ ಕಣಗಳದು ಸಿ.ಡಿ. ೧೯.

ಇನ್ನು ಯಂತ್ರ. ದೀಪ ಕಟ್ಟಿದ ಪ್ರತಿಕಾಯಗಳನ್ನು ಸ್ವಲ್ಪ ರಕ್ತದೊಂದಿಗೆ ಕತ್ತಲೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಬೆರೆಸಿಡುತ್ತಾರೆ. ಕೆಂಪು ಕಣಗಳನ್ನು ಒಂದು ದ್ರಾವಣದಿಂದ ಒಡೆಯುತ್ತಾರೆ. ಉಳಿದ ಕಣಗಳು ಯಂತ್ರದ ಸೂಕ್ಷ್ಮ ನಳಿಕೆಯನ್ನು ಪ್ರವೇಶಿಸುತ್ತವೆ. ವೈಕುಂಠ ಏಕಾದಶಿಯ ದಿನ ತಿರುವಲ್ಲಿಕ್ಕೇಣಿಯ ದೇವಸ್ಥಾನದ ಮುಂದೆ ಕಟ್ಟಿದ ಕಟಕಟೆಯ ನಡುವೆ ಭಕ್ತರು ಒಬ್ಬರ ಹಿಂದೆ ಒಬ್ಬರಾಗಿ ಸಾಗುವಂತೆ, ಸುತ್ತಲೂ ವೇಗವಾಗಿ ಹರಿಯುವ ಉಪ್ಪುನೀರಿನ ಒತ್ತಡಕ್ಕೆ ಸಿಕ್ಕಿ ಕಣಗಳು ಒಂದೇ ಸಾಲಾಗುತ್ತವೆ. ಲೇಸರ್ ಕಿರಣವೊಂದು ಈ ಸಾಲಿಗೆ ಅಡ್ಡಲಾಗಿ ನಿಂತಿರುತ್ತದೆ. ರೂಢಿಯಲ್ಲಿರುವುದು ೪೮೮ ನ್ಯಾನೊಮೀಟರು ಅಲೆಯುದ್ದದ ನೀಲಿ ಕಿರಣ. ಪ್ರತಿ ಕಣವೂ ಕಿರಣವನ್ನು ದಾಟುವ ಕ್ಷಣದಲ್ಲಿ ಹಲವು ಸಾಕ್ಷ್ಯಗಳನ್ನು ಕೊಡುತ್ತದೆ. ಮುಂದಕ್ಕೆ ಚದುರಿದ ಬೆಳಕು ಗಾತ್ರವನ್ನು ಸೂಚಿಸುತ್ತದೆ. ಪಕ್ಕಕ್ಕೆ ಚದುರಿದ ಬೆಳಕು ಒಳಗಿನ ಹರಳುಗಳ ದಟ್ಟಣೆಯನ್ನು ಹೇಳುತ್ತದೆ. ಹಸಿರು, ಕಿತ್ತಳೆ, ಕೆಂಪು ಹೊಳಪುಗಳು ಯಾವ ಯಾವ ಪ್ರತಿಕಾಯ ಅಂಟಿದೆಯೆಂಬುದನ್ನು ತಿಳಿಸುತ್ತವೆ. ಒಂದು ಸೆಕೆಂಡಿಗೆ ಸಾವಿರಾರು ಕಣಗಳ ವಿಚಾರಣೆ ಹೀಗೆ ಮುಗಿಯುತ್ತದೆ.

ಬಣ್ಣ ಬದಲಾಗದೆ ಚದುರುವ ಬೆಳಕು ಒಂದು, ಬಣ್ಣ ಬದಲಾಗಿ ಹೊರಡುವ ಪ್ರತಿದೀಪ್ತಿ ಇನ್ನೊಂದು. ಇವೆರಡಕ್ಕೂ ಸೇರದ ಮೂರನೆಯದೊಂದು ಇದೆಯೆಂದು ೧೯೨೮ರಲ್ಲಿ ತೋರಿಸಿದವರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಕಲ್ಕತ್ತೆಯಲ್ಲಿ ದುಡಿದು, ಬೆಂಗಳೂರಿನಲ್ಲಿ ನೆಲೆಸಿದ ಚಂದ್ರಶೇಖರ ವೆಂಕಟರಾಮನ್. ಅವರ ಪ್ರಯೋಗಾಲಯದಲ್ಲಿ ಅದು ಮೊದಲು ‘ದುರ್ಬಲ ಪ್ರತಿದೀಪ್ತಿ’ಯೆಂದೇ ಕಂಡಿತ್ತು. ಪ್ರಸ್ತುತ ವಿಷಯಕ್ಕೆ ಅದು ನೇರವಾಗಿ ಸಂಬಂಧಿಸಿಲ್ಲವಾದರೂ, ಬೆಳಕಿನ ಈ ಭೇದಗಳನ್ನು ಅರಿಯುವುದು ಎಷ್ಟು ಸೂಕ್ಷ್ಮದ ಕೆಲಸವೆಂಬುದಕ್ಕೆ ನಿದರ್ಶನವಾಗಿದೆ.

ಕಣಗಳನ್ನು ಹನಿಹನಿಯಾಗಿ ಬೇರ್ಪಡಿಸುವ ಯಂತ್ರವನ್ನು ೧೯೬೫ರಲ್ಲಿ ಲಾಸ್ ಅಲಮೊಸ್‌ನ ಮ್ಯಾಕ್ ಫುಲ್‌ವೈಲರ್ ರಚಿಸಿದನು. ಶಾಯಿಯನ್ನು ಹನಿಗಳಾಗಿ ಸಿಡಿಸಿ ಬರೆಯುವ ಮುದ್ರಣಯಂತ್ರದ ತಂತ್ರವೇ ಅದಕ್ಕೆ ಆಧಾರ. ಅದಕ್ಕೆ ಪ್ರತಿದೀಪ್ತಿಯನ್ನು ಕೂಡಿಸಿ ಪರಿಪೂರ್ಣಗೊಳಿಸಿದವನು ಸ್ಟ್ಯಾನ್‌ಫರ್ಡಿನ ಲೆನಾರ್ಡ್ ಹರ್ಜನ್‌ಬರ್ಗ್.

ಇಷ್ಟರಿಂದ ಯಂತ್ರವೇ ಎಲ್ಲವನ್ನೂ ಹೇಳುತ್ತದೆಯೆಂಬ ಭಾವನೆ ಬರಬಹುದು. ಅದು ಸರಿಯಲ್ಲ. ಯಂತ್ರವು ಹೇಳುವುದು ಇಷ್ಟು ಬೆಳಕು ಬಂತು ಎಂದು ಮಾತ್ರ. ಇದು ಇಂಥ ಕಣ ಎಂದು ನಿರ್ಣಯಿಸುವವನು ಮನುಷ್ಯ. ಪ್ರತಿ ಕಣವೂ ಪರದೆಯ ಮೇಲೆ ಒಂದು ಚುಕ್ಕೆಯಾಗಿ ಮೂಡುತ್ತದೆ. ಚುಕ್ಕೆಗಳು ಗುಂಪುಗುಂಪಾಗಿ ಮೋಡದಂತೆ ಕಾಣುತ್ತವೆ. ಪ್ರಯೋಗಾಲಯದ ತಜ್ಞನು ಒಂದು ಮೋಡದ ಸುತ್ತ ಗೆರೆ ಎಳೆದು, ಇದರ ಒಳಗಿನದನ್ನು ಮಾತ್ರ ಲೆಕ್ಕ ಹಿಡಿಯಬೇಕೆಂದು ಆಜ್ಞಾಪಿಸುತ್ತಾನೆ. ಕೆಲವು ಯಂತ್ರಗಳು ಈ ಗೆರೆಯನ್ನು ತಾವೇ ಎಳೆಯುತ್ತವೆ. ಆಗಲೂ ಅದನ್ನು ಒಪ್ಪುವ ಹೊಣೆ ತಜ್ಞನದೇ. ಎರಡು ಮೋಡಗಳು ಒಂದನ್ನೊಂದು ತಾಗಿದ್ದರೆ ಗೆರೆಯು ಕೂದಲೆಳೆಯಷ್ಟು ಸರಿದರೂ ಲೆಕ್ಕ ಬದಲಾಗುತ್ತದೆ. ಹಸಿರು ಬಣ್ಣದ ಸ್ವಲ್ಪ ಭಾಗ ಕಿತ್ತಳೆಯ ಕಿಟಕಿಗೂ ಸೋರುವುದರಿಂದ ಅದನ್ನು ಕಳೆದು ಲೆಕ್ಕ ಹಾಕಬೇಕು.

ಒಂದೇ ಗುರುತನ್ನು ನಂಬಿದರೆ ಮೋಸಹೋಗುವುದು ಖಂಡಿತ. ಸಿ.ಡಿ. ೪ ಎಂಬುದು ನೆರವಿನ ಟಿ ಕಣದ ಗುರುತೆಂದು ಮೇಲೆ ಹೇಳಿತಷ್ಟೆ. ಅದೇ ಸಿ.ಡಿ. ೪ ಮಾನೊಸೈಟಿನ ಮೇಲೂ ಮಂದವಾಗಿ ಇರುತ್ತದೆ. ಸಿ.ಡಿ. ೮ರ ಪ್ರತಿಕಾಯವು ಸಹಜ ಹಂತಕ ಕಣಗಳೆಂಬ ಬೇರೆ ಪಂಗಡದ ಕೆಲವಕ್ಕೂ ಅಂಟುತ್ತದೆ. ಆದ್ದರಿಂದ ಸಿ.ಡಿ. ೩ ಮತ್ತು ಸಿ.ಡಿ. ೪ ಎರಡೂ ಹೊಳೆದ ಕಣವನ್ನು ಮಾತ್ರ ನೆರವಿನ ಟಿ ಕಣವೆಂದು ಎಣಿಸುತ್ತಾರೆ. ಒಬ್ಬ ವ್ಯಕ್ತಿಯನ್ನು ಹೆಸರಿನಿಂದ ಮಾತ್ರವಲ್ಲದೆ ಊರು, ತಂದೆಯ ಹೆಸರು ಕೇಳಿ ಖಚಿತಪಡಿಸಿಕೊಳ್ಳುವ ಕ್ರಮವೇ ಇಲ್ಲಿಯೂ ನಡೆಯುತ್ತದೆ.

ಎಣಿಕೆಯ ಉಪಾಯವೂ ಸ್ವಾರಸ್ಯಕರವಾಗಿದೆ. ರಕ್ತದೊಂದಿಗೆ ಲೆಕ್ಕ ಗೊತ್ತಿರುವ ಪ್ಲಾಸ್ಟಿಕ್ ಸೂಕ್ಷ್ಮಮಣಿಗಳನ್ನು ಬೆರೆಸುತ್ತಾರೆ. ಉದಾಹರಣೆಗೆ, ೫೦ ಘನ ಮಿಲಿಮೀಟರು ರಕ್ತಕ್ಕೆ ೫೦,೦೦೦ ಮಣಿಗಳನ್ನು ಹಾಕಿದೆಯೆನ್ನೋಣ. ಯಂತ್ರವು ೫,೦೦೦ ಮಣಿಗಳನ್ನು ಕಾಣುವಷ್ಟರಲ್ಲಿ ೩,೦೦೦ ಸಿ.ಡಿ. ೪ ಕಣಗಳನ್ನು ಕಂಡಿತು. ಅಂದರೆ ಹತ್ತನೆಯ ಒಂದು ಭಾಗ ರಕ್ತ, ಎಂದರೆ ೫ ಘನ ಮಿಲಿಮೀಟರು, ಹಾದುಹೋಗಿದೆ; ಒಂದು ಘನ ಮಿಲಿಮೀಟರಿಗೆ ೬೦೦ ಕಣಗಳು. ಆರೋಗ್ಯವಂತ ವಯಸ್ಕರಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ೫೦೦ರಿಂದ ೧,೫೦೦ರ ವರೆಗೆ ಇರುತ್ತದೆ.

ಈ ಸಂಖ್ಯೆ ಮಾನವನ ಆಯುಷ್ಯದ ಪ್ರಶ್ನೆಯಾದುದು ೧೯೮೧ರಲ್ಲಿ. ಲಾಸ್ ಏಂಜಲಿಸ್ ನಗರದ ತರುಣ ವೈದ್ಯ ಮೈಕೆಲ್ ಗಾಟ್‌ಲೀಬ್ ಆಗತಾನೆ ದೊರೆಯುತ್ತಿದ್ದ ಏಕಮೂಲ ಪ್ರತಿಕಾಯಗಳಿಂದ ತನ್ನ ರೋಗಿಯ ರಕ್ತವನ್ನು ಪರೀಕ್ಷಿಸಿದಾಗ ನೆರವಿನ ಟಿ ಕಣಗಳು ಹೆಚ್ಚುಕಡಿಮೆ ಮಾಯವಾಗಿದ್ದುದು ಕಂಡುಬಂತು. ಅಂಥ ಐವರು ರೋಗಿಗಳ ವರದಿ ಜೂನ್ ೫ರಂದು ಪ್ರಕಟವಾಯಿತು. ವೈರಾಣುವು ಪತ್ತೆಯಾದದ್ದು ಅನಂತರ, ೧೯೮೩ರಲ್ಲಿ. ಆ ವೈರಾಣು ಕೋಶವನ್ನು ಹೊಗಲು ಬಳಸುವ ಬಾಗಿಲು ಸಿ.ಡಿ. ೪ ಪ್ರೋಟೀನೇ ಎಂದು ೧೯೮೪ರಲ್ಲಿ ತಿಳಿದುಬಂತು. ಗುರುತಿಗೆಂದು ಮನುಷ್ಯನು ಆರಿಸಿಕೊಂಡ ಚಿಹ್ನೆಯನ್ನೇ ವೈರಾಣುವೂ ಗುರುತಿಗೆ ಆರಿಸಿಕೊಂಡಿತ್ತು!

ಭಾರತದಲ್ಲಿ ಇದರ ಸುಳಿವು ದೊರೆತದ್ದು ಚೆನ್ನೈಯಲ್ಲಿ. ೧೯೮೬ರ ಆರಂಭದಲ್ಲಿ ಮದರಾಸು ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ ಡಾ. ಸುನೀತಿ ಸಾಲೊಮನ್ ಅವರೂ ಅವರ ಶಿಷ್ಯೆ ಡಾ. ಸೆಲ್ಲಪ್ಪನ್ ನಿರ್ಮಲಾ ಅವರೂ ಮೈಮಾರಾಟದ ಬಲೆಗೆ ಸಿಕ್ಕಿದ ಮಹಿಳೆಯರ ರಕ್ತವನ್ನು ಸಂಗ್ರಹಿಸಿದರು. ಸರಿಯಾದ ಶೇಖರಣೆಯ ವ್ಯವಸ್ಥೆಯಿಲ್ಲದೆ ನಿರ್ಮಲಾ ಅವರು ರಕ್ತದ್ರವದ ಸೀಸೆಗಳನ್ನು ಮನೆಯ ರೆಫ್ರಿಜರೇಟರಿನಲ್ಲಿಯೇ ಇಟ್ಟುಕೊಂಡು, ಬಳಿಕ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಆರು ಮಾದರಿಗಳಲ್ಲಿ ಸೋಂಕಿನ ಚಿಹ್ನೆ ಕಂಡಿತು. ಅಮೆರಿಕದಲ್ಲಿ ಅದು ದೃಢಪಟ್ಟಿತು. ಸುನೀತಿ ಅವರು ೧೯೯೩ರಲ್ಲಿ ಸ್ಥಾಪಿಸಿದ ವೈ.ಆರ್.ಜಿ. ಕೇರ್ ಸಂಸ್ಥೆಯು ಮುಂದೆ ತರಮಣಿಯ ವಾಲಂಟರಿ ಹೆಲ್ತ್ ಸರ್ವಿಸಸ್ ಆಸ್ಪತ್ರೆಯ ಆವರಣದಲ್ಲಿ ಸಾವಿರಾರು ಜನರಿಗೆ ಚಿಕಿತ್ಸೆ ನೀಡಿತು. ಅವರು ೨೦೧೫ರಲ್ಲಿ ನಿಧನರಾದರು.

ತಾಂಬರಂ ಸ್ಯಾನಟೋರಿಯಂ ೧೯೨೮ರಲ್ಲಿ ಡಾ. ಚೌರಿ ಮುತ್ತು ಅವರಿಂದ ಕ್ಷಯರೋಗಿಗಳಿಗಾಗಿ ಸ್ಥಾಪಿತವಾದದ್ದು. ಬೇರೆಡೆ ಬಾಗಿಲು ಮುಚ್ಚಿಸಿಕೊಂಡ ಏಡ್ಸ್ ರೋಗಿಗಳಿಗೆ ತೊಂಬತ್ತರ ದಶಕದಲ್ಲಿ ಅಲ್ಲಿ ಹಾಸಿಗೆ ದೊರೆಯಿತು. ೨೦೦೪ರ ಏಪ್ರಿಲ್ ೧ರಂದು ಭಾರತ ಸರ್ಕಾರವು ವೈರಾಣು ನಿರೋಧಕ ಔಷಧಗಳನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಎಂಟು ಕೇಂದ್ರಗಳಲ್ಲಿ ಆರಂಭಿಸಿದಾಗ ತಾಂಬರವೂ ಅವುಗಳಲ್ಲಿ ಒಂದಾಗಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಆ ಪಟ್ಟಿಯಲ್ಲಿತ್ತು.

ಆಗ ಔಷಧ ಯಾರಿಗೆ? ರೋಗಲಕ್ಷಣ ತೀವ್ರವಾಗಿದ್ದವರಿಗೆ, ಅಥವಾ ಸಿ.ಡಿ. ೪ರ ಎಣಿಕೆ ೨೦೦ಕ್ಕಿಂತ ಕೆಳಗೆ ಇಳಿದವರಿಗೆ. ೧೯೦ ಬಂದವರಿಗೆ ಅಂದೇ ಚಿಕಿತ್ಸೆಯ ಸಿದ್ಧತೆ. ೨೧೦ ಬಂದವರಿಗೆ ಲಕ್ಷಣಗಳಿಲ್ಲದಿದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಆದರೆ ೧೯೦ಕ್ಕೂ ೨೧೦ಕ್ಕೂ ಇರುವ ಅಂತರವು ಆ ಪರೀಕ್ಷೆಯ ಸಹಜವಾದ ಏರಿಳಿತದ ಒಳಗಿನದು. ಒಬ್ಬರದೇ ರಕ್ತದಲ್ಲಿ ಈ ಕಣಗಳು ಬೆಳಿಗ್ಗೆ ಕಡಿಮೆಯಿದ್ದು ಸಂಜೆಗೆ ಏರುತ್ತವೆ. ಜ್ವರ ಬಂದಾಗ, ಸ್ಟೀರಾಯ್ಡ್ ಔಷಧ ಸೇವಿಸುವಾಗ ಇಳಿಯುತ್ತವೆ. ದೂರದ ಊರಿನಿಂದ ರಾತ್ರಿಯ ಬಸ್ಸಿನಲ್ಲಿ ಬಂದ ಕೂಲಿಕಾರನಿಗೆ ಆ ಗೆರೆಯ ಈಚೆ ಆಚೆ ಎಂಬುದು ಎಷ್ಟು ಭಾರವಾಗಿದ್ದಿತು ಎಂಬುದನ್ನು ಊಹಿಸಬಹುದು. ಔಷಧದ ದಾಸ್ತಾನು ಅಲ್ಪವಾಗಿದ್ದ ಕಾಲದಲ್ಲಿ ಎಲ್ಲಿಯೋ ಒಂದು ಕಡೆ ಗೆರೆ ಎಳೆಯುವುದು ಅನಿವಾರ್ಯವಾಗಿತ್ತೆಂಬುದನ್ನೂ ಒಪ್ಪಬೇಕು. ಕಾಲಕ್ರಮದಲ್ಲಿ ಗೆರೆ ೩೫೦ಕ್ಕೂ ಬಳಿಕ ೫೦೦ಕ್ಕೂ ಏರಿತು. ೨೦೧೭ರಿಂದ ಭಾರತದಲ್ಲಿ ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಔಷಧ ಕೊಡುವ ನಿಯಮ ಬಂದಿದೆ. ಆದರೂ ಪರೀಕ್ಷೆ ನಿಂತಿಲ್ಲ. ಎಣಿಕೆ ೨೦೦ಕ್ಕಿಂತ ಕೆಳಗಿರುವವರಿಗೆ ಕ್ಷಯ ಮತ್ತು ಮಿದುಳು ಪೊರೆಯ ಶಿಲೀಂಧ್ರ ಸೋಂಕಿನ ಭಯ ಹೆಚ್ಚು. ಅವರನ್ನು ಮೊದಲೇ ಗುರುತಿಸಲು ಅದು ಇಂದಿಗೂ ಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಆವಶ್ಯಕ. ಸಿ.ಡಿ. ೪ ಪರೀಕ್ಷೆಯು ಎಚ್.ಐ.ವಿ. ಸೋಂಕನ್ನು ಪತ್ತೆಮಾಡುವ ಪರೀಕ್ಷೆಯಲ್ಲ. ಬೇರೆ ಕಾರಣಗಳಿಂದಲೂ ಎಣಿಕೆ ಇಳಿಯಬಹುದು. ಸೋಂಕಿದ್ದವರಲ್ಲಿಯೂ ವರ್ಷಗಟ್ಟಲೆ ಸರಿಯಾಗಿಯೇ ಇರಬಹುದು. ವರದಿಯಲ್ಲಿ ಆ ಹೆಸರು ಕಂಡಮಾತ್ರಕ್ಕೆ ಮನೆಯ ಕೆಲಸದವಳನ್ನೋ ಬಾಡಿಗೆದಾರನನ್ನೋ ಸಂಶಯಿಸುವುದು ಅಜ್ಞಾನ. ಸೋಂಕು ಇದ್ದವರನ್ನು ಕೂಡ ಕೆಲಸದಿಂದಾಗಲಿ ವಸತಿಯಿಂದಾಗಲಿ ಅನ್ಯಾಯವಾಗಿ ಹೊರಹಾಕುವುದನ್ನು ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯಿದೆಯು ನಿಷೇಧಿಸಿದೆ.

ರಕ್ತದ ಕ್ಯಾನ್ಸರಿನಲ್ಲಿ ಈ ಪರೀಕ್ಷೆಯ ಉಪಯೋಗ ಬೇರೆ ರೀತಿಯದು. ಅಲ್ಲಿ ಎಷ್ಟು ಎಂಬುದಕ್ಕಿಂತ ಯಾವುದು ಎಂಬ ಪ್ರಶ್ನೆ ಮುಖ್ಯ. ಮಗುವಿನ ರಕ್ತದಲ್ಲಿ ಅಪಕ್ವ ಕಣಗಳು ತುಂಬಿದಾಗ ಅವು ಬಿ ವಂಶದವೋ ಟಿ ವಂಶದವೋ ಮಜ್ಜೆಯ ಇನ್ನೊಂದು ವಂಶದವೋ ಎಂಬುದನ್ನು ಸೂಕ್ಷ್ಮದರ್ಶಕ ಮಾತ್ರದಿಂದ ಖಚಿತವಾಗಿ ಹೇಳಲಾಗದು; ಚಿಕಿತ್ಸೆಯಾದರೋ ವಂಶವನ್ನು ಅವಲಂಬಿಸಿದೆ. ಸಿ.ಡಿ. ೧೯ ಮತ್ತು ಸಿ.ಡಿ. ೧೦ ಜತೆಯಾಗಿ ಹೊಳೆದರೆ ಬಿ ವಂಶದತ್ತ ಬೆರಳು ತೋರುತ್ತದೆ. ಚಿಕಿತ್ಸೆಯ ನಂತರ ಹತ್ತು ಸಾವಿರ ಕಣಗಳಲ್ಲಿ ಒಂದು ರೋಗಕಣ ಉಳಿದಿದ್ದರೂ ಹಲವು ಬಣ್ಣಗಳ ಪರೀಕ್ಷೆಯು ಅದನ್ನು ಹಿಡಿಯಬಲ್ಲದು. ಸೂಕ್ಷ್ಮದರ್ಶಕದ ಕಣ್ಣಿಗೆ ಅಂಥ ಮಗುವಿನ ಮಜ್ಜೆ ಪೂರ್ಣ ಗುಣವಾದಂತೆಯೇ ಕಾಣುತ್ತದೆ. ಇನ್ನಷ್ಟು ಔಷಧ ಬೇಕೆ, ಬೇಡವೆ ಎಂಬ ತೀರ್ಮಾನಕ್ಕೆ ಇದು ಆಧಾರ.

ಕೊನೆಯದಾಗಿ ರಕ್ತ ಕೊಡುವವರಿಗೆ ಸಂಬಂಧಿಸಿದ ವಿಷಯ. ನಿರ್ಮಲಾ ಅವರು ರೆಫ್ರಿಜರೇಟರಿನಲ್ಲಿ ಇಟ್ಟದ್ದು ಕಣಗಳನ್ನು ತೆಗೆದ ರಕ್ತದ್ರವ. ಅದರಲ್ಲಿನ ಪ್ರತಿಕಾಯಗಳು ತಂಪಿನಲ್ಲಿ ಕೆಡುವುದಿಲ್ಲ. ಫ್ಲೋ ಸೈಟೋಮೆಟ್ರಿಗೆ ಬೇಕಾದುದು ಜೀವಂತ ಕಣಗಳು. ಹೆಪ್ಪುಗಟ್ಟದಂತೆ ರಾಸಾಯನಿಕ ಹಾಕಿದ ನಳಿಕೆಯಲ್ಲಿ, ಸಿ.ಡಿ. ೪ಕ್ಕಾದರೆ ಸಾಮಾನ್ಯವಾಗಿ ನೇರಳೆ ಮುಚ್ಚಳದ್ದರಲ್ಲಿ, ರಕ್ತವನ್ನು ತೆಗೆದು ಕೋಣೆಯ ಉಷ್ಣತೆಯಲ್ಲಿಯೇ ಇಡಬೇಕು. ಮಂಜುಗಡ್ಡೆಯ ಮೇಲೆ ಇಡಬಾರದು. ಹಾಗೆಂದು ಕತ್ತರಿ ಬಿಸಿಲಿನ ಮೇ ತಿಂಗಳಲ್ಲಿ ಸ್ಕೂಟರಿನ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಬಿಡುವುದೂ ಸಲ್ಲದು. ಸತ್ತ ಕಣಗಳು ಎಲ್ಲ ಪ್ರತಿಕಾಯಗಳನ್ನೂ ಸಿಕ್ಕಾಬಟ್ಟೆ ಅಂಟಿಸಿಕೊಂಡು ಸುಳ್ಳು ಹೊಳಪನ್ನು ತೋರಿಸುತ್ತವೆ. ಸಿ.ಡಿ. ೪ರ ಎಣಿಕೆಗೆ ಎರಡು ದಿನಗಳೊಳಗೆ ಪರೀಕ್ಷೆ ಮುಗಿಯುವುದು ಒಳ್ಳೆಯದು. ಕ್ಯಾನ್ಸರಿನ ಮಾದರಿಗೆ ಇನ್ನೂ ಅವಸರ. ಆದ್ದರಿಂದ ವಾರಾಂತ್ಯದ ಸಂಜೆ ರಕ್ತ ಕೊಡುವ ಮೊದಲು ಪ್ರಯೋಗಾಲಯವು ಅಂದೇ ಸ್ವೀಕರಿಸುವುದೇ ಎಂದು ವಿಚಾರಿಸಬೇಕು. ಆಗಾಗ್ಗೆ ಪರೀಕ್ಷೆ ಮಾಡಿಸಿಕೊಳ್ಳುವವರು ಒಂದೇ ಪ್ರಯೋಗಾಲಯದಲ್ಲಿ, ದಿನದ ಒಂದೇ ಹೊತ್ತಿನಲ್ಲಿ ರಕ್ತ ಕೊಟ್ಟರೆ ಹಳೆಯ ವರದಿಯೊಂದಿಗೆ ಹೋಲಿಸಲು ಅನುಕೂಲ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಈ ಕಣಗಳು ದೊಡ್ಡವರಿಗಿಂತ ಬಹಳ ಹೆಚ್ಚಾಗಿರುವುದರಿಂದ ಅವರ ಸಂಖ್ಯೆಯನ್ನು ತಂದೆತಾಯಿಗಳ ಸಂಖ್ಯೆಯೊಂದಿಗೆ ಹೋಲಿಸಬಾರದು; ಅಲ್ಲಿ ವೈದ್ಯರು ನೂರಕ್ಕೆ ಎಷ್ಟು ಎಂಬ ಪ್ರಮಾಣವನ್ನೇ ಮುಖ್ಯವಾಗಿ ನೋಡುತ್ತಾರೆ.